ಆರನೆಯವನು, ನಲವತ್ತನೆಯವನು: ಬೇಸ್‌ಬಾಲ್ ಪ್ರಾಸ್ಪೆಕ್ಟ್ ಪಟ್ಟಿ ಓದುವುದು ಹೇಗೆ?

ಪ್ರಶ್ನೆ: ನಾವು ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದೇವೆ. ನಾನು ಕ್ರಿಕೆಟ್ ನೋಡಿ ಬೆಳೆದವನು. ಹದಿಮೂರು ವರ್ಷದ ಮಗನಿಗೆ ಬೇಸ್‌ಬಾಲ್ ಹುಚ್ಚು. ಜನವರಿ ಬಂದರೆ ಸಾಕು, ‘ಟಾಪ್ 100 ಪ್ರಾಸ್ಪೆಕ್ಟ್’ (ಮುಂದೆ ಮೇಜರ್ ಲೀಗ್‌ಗೆ ಏರಬಹುದಾದ ಎಳೆಯ ಆಟಗಾರರ) ಪಟ್ಟಿಗಳನ್ನು ಹರಡಿಕೊಂಡು ಕೂರುತ್ತಾನೆ. ಅವನ್ನು ನೋಡಿಯೇ ಆಟಗಾರರ ಚಿತ್ರದ ಕಾರ್ಡ್ ಕೊಳ್ಳುತ್ತಾನೆ. ಒಬ್ಬನೇ ಆಟಗಾರ ಒಂದು ಪಟ್ಟಿಯಲ್ಲಿ 6ನೆಯವನು, ಇನ್ನೊಂದರಲ್ಲಿ 40ನೆಯವನು. ಇದು ಹೇಗೆ? ಈ 55, 60 ಅನ್ನುವ ಅಂಕಗಳು ಎಲ್ಲಿಂದ ಬರುತ್ತವೆ? ಯಾರನ್ನು ನಂಬಬೇಕು? ಹಾಗೇ, ಭಾರತ ಮೂಲದವರು ಯಾರಾದರೂ ಈ ಪಟ್ಟಿಗಳಲ್ಲಿ ಬಂದಿದ್ದಾರಾ?

ಉತ್ತರ: 6ಕ್ಕೂ 40ಕ್ಕೂ ನೀವು ಅಂದುಕೊಂಡಷ್ಟು ಅಂತರ ಇಲ್ಲ. ನಮ್ಮ ಎಸ್ಸೆಸ್ಸೆಲ್ಸಿ ಫಲಿತಾಂಶ ನೆನಪಿಸಿಕೊಳ್ಳಿ. 625ಕ್ಕೆ 625 ತೆಗೆದವರು ಬೆರಳೆಣಿಕೆಯಷ್ಟು. 600ರ ಆಸುಪಾಸಿಗೆ ಬಂದರೆ ಒಂದೇ ಅಂಕಕ್ಕೆ ನೂರಾರು ಮಕ್ಕಳು. ಅವರಲ್ಲಿ ಒಬ್ಬೊಬ್ಬರಿಗೂ ಬೇರೆ ಬೇರೆ ರ‍್ಯಾಂಕ್ ಕೊಡಲೇಬೇಕು ಅಂತ ಯಾರಾದರೂ ಹಟ ಹಿಡಿದರೆ, ಒಂದು ಅಂಕ ಕಡಿಮೆಯಾದವಳು ನೂರಾರು ಸ್ಥಾನ ಕೆಳಗೆ ಜಾರುತ್ತಾಳೆ. ಪ್ರಾಸ್ಪೆಕ್ಟ್ ಪಟ್ಟಿಯಲ್ಲೂ ಇದೇ ಕಥೆ. ಮೊದಲ ನಾಲ್ಕೈದು ಹೆಸರುಗಳು ಉಳಿದವರಿಂದ ನಿಜವಾಗಿಯೂ ದೂರ ನಿಂತಿರುತ್ತವೆ. ಹತ್ತು ದಾಟಿದ ಮೇಲೆ ನೂಕುನುಗ್ಗಲು. 50ರಿಂದ 120ರವರೆಗಿನ ಹೆಸರುಗಳನ್ನು ಚೀಟಿಯಲ್ಲಿ ಬರೆದು, ಡಬ್ಬಿಗೆ ಹಾಕಿ ಕುಲುಕಿ ಎತ್ತಿದರೂ ಯಾರಿಗೂ ದೊಡ್ಡ ಅನ್ಯಾಯ ಆಗುವುದಿಲ್ಲ. ಪಟ್ಟಿ ಮಾಡುವವರಿಗೂ ಇದು ಗೊತ್ತು. ಆದರೆ ‘ಎಪ್ಪತ್ತು ಜನ ಹೆಚ್ಚುಕಮ್ಮಿ ಒಂದೇ ತರ ಇದ್ದಾರೆ’ ಅಂತ ಶೀರ್ಷಿಕೆ ಕೊಟ್ಟರೆ ಯಾರು ಓದುತ್ತಾರೆ ಹೇಳಿ?

ಅದಕ್ಕೇ ನಾನು ಸ್ಥಾನ ನೋಡುವುದನ್ನು ಬಿಟ್ಟು ಎಷ್ಟೋ ವರ್ಷ ಆಯಿತು. ಹೆಸರಿನ ಪಕ್ಕದ ಗ್ರೇಡ್ ನೋಡುತ್ತೇನೆ. ನಿಮ್ಮ 6ನೆಯವನಿಗೆ 60 ಇರಬಹುದು, 40ನೆಯವನಿಗೆ 55. ಇಬ್ಬರ ನಡುವೆ ಇರುವುದು ಅರ್ಧ ಮೆಟ್ಟಿಲು ಅಷ್ಟೇ.

ಈ ಅಂಕಗಳು 20ರಿಂದ 80ರವರೆಗೆ ಹೋಗುತ್ತವೆ. ಸೊನ್ನೆಯಿಂದ ನೂರಕ್ಕೆ ಯಾಕಿಲ್ಲ ಅಂತ ಎಲ್ಲರೂ ಕೇಳುತ್ತಾರೆ. ಇದು ಹಳೇ ಕಾಲದ ಸ್ಕೌಟ್‌ಗಳ, ಅಂದರೆ ಊರೂರು ತಿರುಗಿ ಪ್ರತಿಭೆ ಹುಡುಕುವವರ ಲೆಕ್ಕ. ಹಿಂದಿನ ಕಾಲದ ಹೆಸರಾಂತ ಬೇಸ್‌ಬಾಲ್ ಆಡಳಿತಗಾರ ಬ್ರಾಂಚ್ ರಿಕಿ ಅವರ ಹೆಸರಿಗೆ ಇದನ್ನು ಅಂಟಿಸುವುದು ವಾಡಿಕೆ. 50 ಅಂದರೆ ಮೇಜರ್ ಲೀಗ್‌ನ ಸರಾಸರಿ ಆಟಗಾರ. ಇಲ್ಲೇ ಕ್ರಿಕೆಟ್‌ನಿಂದ ಬಂದ ನಮ್ಮಂಥವರು ಎಡವುವುದು. 50 ಅಂದ ಕೂಡಲೇ ‘ಅಯ್ಯೋ, ಬರೀ ಪಾಸ್ ಮಾರ್ಕ್ಸಾ’ ಅನ್ನಿಸುತ್ತದೆ. ಜಗತ್ತಿನ ಅತಿ ಕಷ್ಟದ ಲೀಗ್‌ನಲ್ಲಿ ದಿನಾ ಹನ್ನೊಂದರೊಳಗೆ ಜಾಗ ಪಡೆಯುವವನು ಅಂತ ಅರ್ಥ ಮಾಡಿಕೊಳ್ಳಿ. (ಬೇಸ್‌ಬಾಲ್‌ನಲ್ಲಿ ಒಂಬತ್ತರೊಳಗೆ.) ಪ್ರತಿ ಹತ್ತು ಅಂಕ ಅಂದರೆ ಸಂಖ್ಯಾಶಾಸ್ತ್ರದವರ ಒಂದು ಸ್ಟ್ಯಾಂಡರ್ಡ್ ಡೀವಿಯೇಷನ್. ಹಾಗಾಗಿ 60 ಅಂದರೆ ಆರರಲ್ಲಿ ಒಬ್ಬ, 70 ಅಂದರೆ ನೂರರಲ್ಲಿ ಎರಡು ಮೂರು ಜನ, 80 ಅಂದರೆ ಕಣ್ಣಿಗೆ ಅಪರೂಪ. ಒಟ್ಟಾರೆ ಆಟಗಾರನಿಗೆ ಕೊಡುವ ಅಂಕವೂ ಇದೇ ಅಳತೆಯಲ್ಲಿ. 50 ಬಂದವನು ತಂಡದ ಕಾಯಂ ಆಟಗಾರ, 60 ಬಂದವನು ಆಲ್‌ಸ್ಟಾರ್ ಮಟ್ಟದವನು. 70 ಕೊಡುವಾಗ ಸ್ಕೌಟ್‌ನ ಕೈ ಸ್ವಲ್ಪ ನಡುಗಬೇಕು.

ಬ್ಯಾಟರ್‌ಗೆ ಐದು ಟೂಲ್, ಅಂದರೆ ಕೌಶಲ: ಹಿಟ್, ಪವರ್, ಓಟ, ಫೀಲ್ಡಿಂಗ್, ಥ್ರೋ. ಇದರಲ್ಲಿ ಓಟ ಅಳೆಯುವುದು ಮಕ್ಕಳಾಟ. ಚೆಂಡಿಗೆ ಬ್ಯಾಟ್ ತಗುಲಿದ ಸದ್ದಿಗೆ ಸ್ಟಾಪ್‌ವಾಚ್ ಒತ್ತಿ, ಫಸ್ಟ್ ಬೇಸ್ ಮೇಲೆ ಕಾಲು ಬಿದ್ದಾಗ ನಿಲ್ಲಿಸಿ. 90 ಅಡಿ. ಬಲಗೈ ಬ್ಯಾಟರ್‌ಗೆ 4.3 ಸೆಕೆಂಡ್ ಬಂದರೆ 50. ಎಡಗೈಯವನು ಬೇಸ್‌ಗೆ ಒಂದೆರಡು ಹೆಜ್ಜೆ ಹತ್ತಿರ ನಿಂತಿರುತ್ತಾನೆ, ಅವನಿಗೆ 4.2. ಬಲಗೈಯವನು 4 ಸೆಕೆಂಡಿಗೆ ಮುಟ್ಟಿದರೆ ಪುಸ್ತಕ ಮುಚ್ಚಿ 80 ಬರೆಯಬಹುದು. ಕ್ಯಾಚರ್ ಎದ್ದು ಸೆಕೆಂಡ್ ಬೇಸ್‌ಗೆ ಎಸೆಯುವುದನ್ನೂ ಹೀಗೇ ಅಳೆಯುತ್ತಾರೆ. 2 ಸೆಕೆಂಡ್ ಆದರೆ ಸರಾಸರಿ, 1.9 ಆದರೆ ಬೇಸ್ ಕದಿಯಲು ಓಡುವವರು ಹುಷಾರಾಗಬೇಕು. ಪಿಚರ್‌ನ ವೇಗಕ್ಕೆ ರೇಡಾರ್ ಗನ್ ಇದೆ. ಈಗ ಮೇಜರ್ ಲೀಗ್‌ನಲ್ಲಿ ಸರಾಸರಿ ಫಾಸ್ಟ್‌ಬಾಲ್ ಗಂಟೆಗೆ 94 ಮೈಲಿ, ಅಂದರೆ ನಮ್ಮ ಲೆಕ್ಕದಲ್ಲಿ 151 ಕಿಲೋಮೀಟರ್.

ಪವರ್ ಕೂಡ ಈಗ ಸುಲಭ. ಬ್ಯಾಟ್‌ನಿಂದ ಚೆಂಡು ಎಷ್ಟು ವೇಗದಲ್ಲಿ ಹೊರಟಿತು ಅನ್ನುವುದನ್ನು ಮೇಜರ್ ಲೀಗ್ ಮೈದಾನಗಳಲ್ಲಿ 2015ರಿಂದ ಸ್ಟ್ಯಾಟ್‌ಕಾಸ್ಟ್ ಅನ್ನುವ ವ್ಯವಸ್ಥೆ ಅಳೆಯುತ್ತಿದೆ. 95 ಮೈಲಿ ದಾಟಿದರೆ ಅದು ‘ಗಟ್ಟಿ ಹೊಡೆತ’. ಹತ್ತೊಂಬತ್ತು ವರ್ಷದ ಹುಡುಗ ಒಂದೇ ಒಂದು ಸಲ 112 ಮೈಲಿಗೆ ಹೊಡೆದರೂ ಸಾಕು, ಆ ಬಲ ಮೈಯಲ್ಲಿದೆ ಅಂತ ಗೊತ್ತಾಯಿತು. ಅದು ಅದೃಷ್ಟದಿಂದ ಬರುವಂಥದ್ದಲ್ಲ.

ಕಷ್ಟ ಇರುವುದು ಹಿಟ್ ಅನ್ನುವ ಮೊದಲ ಟೂಲ್‌ನಲ್ಲಿ. ಅಂದರೆ ಚೆಂಡನ್ನು ಬ್ಯಾಟ್‌ಗೆ ಸಿಗಿಸುವ ವಿದ್ಯೆ. ಪಿಚರ್ ನಿಲ್ಲುವುದು ಅರವತ್ತೂವರೆ ಅಡಿ ದೂರದಲ್ಲಿ. 95 ಮೈಲಿಯ ಚೆಂಡು ಪ್ಲೇಟ್‌ಗೆ ಬರಲು ಸುಮಾರು 0.4 ಸೆಕೆಂಡ್. ಅಷ್ಟರಲ್ಲಿ ಅದು ನೇರ ಬರುತ್ತದಾ, ಕೊನೆಯಲ್ಲಿ ಜಾರುತ್ತದಾ, ಹೊಡೆಯಬೇಕಾ ಬಿಡಬೇಕಾ ಅಂತ ತೀರ್ಮಾನ ಆಗಬೇಕು. ಕ್ರಿಕೆಟ್‌ನಲ್ಲಿ ಆಫ್‌ಸ್ಟಂಪ್ ಎಲ್ಲಿದೆ ಅಂತ ಗೊತ್ತಿರಬೇಕು ಅನ್ನುತ್ತೇವಲ್ಲ, ಅದೇ ಇದು. ಇದನ್ನು ಅಳೆಯಲು ಒಂದು ಚೆಂಡು ಸಾಲದು, ನೂರಾರು ಬೇಕು. ಪಟ್ಟಿಗಳು ಅತಿ ಹೆಚ್ಚು ತಪ್ಪುವುದೂ ಇಲ್ಲೇ.

ನಿಮಗೆ ಹತ್ತಿರದ ಉದಾಹರಣೆ ಹೇಳುತ್ತೇನೆ. ಬ್ರಿಡ್ಜ್‌ವಾಟರ್ ಅಂದರೆ ನಮ್ಮವರಿಗೆ ಬಾಲಾಜಿ ದೇವಸ್ಥಾನ. ನನಗೆ ಸಾಮರ್ಸೆಟ್ ಪೇಟ್ರಿಯಟ್ಸ್ ಮೈದಾನ. 2021ರಿಂದ ಪೇಟ್ರಿಯಟ್ಸ್ ನ್ಯೂಯಾರ್ಕ್ ಯಾಂಕೀಸ್‌ನ ಡಬಲ್ ಎ ತಂಡ. ಮೇಜರ್ ಲೀಗ್‌ನ ಕೆಳಗಿನ ಮೈನರ್ ಲೀಗ್‌ನಲ್ಲಿ ಲೋ ಎ, ಹೈ ಎ, ಡಬಲ್ ಎ, ಟ್ರಿಪಲ್ ಎ ಅಂತ ನಾಲ್ಕು ಮೆಟ್ಟಿಲು. ಮೂವತ್ತು ತಂಡಗಳಿಗೆ ನಾಲ್ಕರಂತೆ 120 ತಂಡಗಳು. ಡಬಲ್ ಎ ಅನ್ನು ನಾನು ಜರಡಿ ಅನ್ನುತ್ತೇನೆ. ಅದರ ಕೆಳಗಿನ ಪಿಚರ್‌ಗಳಿಗೆ ವೇಗ ಇರುತ್ತದೆ, ಹತೋಟಿ ಇರುವುದಿಲ್ಲ. ಸುಮ್ನೆ ನಿಂತರೂ ವಾಕ್ (ನಾಲ್ಕು ಚೆಂಡು ಹೊರಗೆ ಹೋದರೆ ಬಿಟ್ಟಿಯಾಗಿ ಸಿಗುವ ಫಸ್ಟ್ ಬೇಸ್) ಸಿಗುತ್ತದೆ. ಡಬಲ್ ಎ ಪಿಚರ್ ಬೇಕೆಂದಾಗ ಸ್ಲೈಡರ್ (ಕೊನೆಯಲ್ಲಿ ಪಕ್ಕಕ್ಕೆ ಜಾರುವ ಚೆಂಡು) ಅನ್ನು ಸ್ಟ್ರೈಕ್‌ಗೂ ಹಾಕಬಲ್ಲ, ಬೇಕೆಂದೇ ಮಣ್ಣಿಗೂ ಹಾಕಬಲ್ಲ.

ಒಂದು ಸಂಜೆ ಅಲ್ಲಿ ಹೊರಗಿನಿಂದ ಬಂದ ತಂಡದ ಒಬ್ಬ ಹುಡುಗನನ್ನು ನೋಡುತ್ತಾ ಕೂತಿದ್ದೆ. ಮೊದಲ ಸರದಿಯಲ್ಲಿ ಎರಡು ಸ್ಟ್ರೈಕ್ (ಮೂರಾದರೆ ಔಟ್) ಆದ ಮೇಲೆ ಸ್ಲೈಡರ್ ಬಂತು. ಹೊರಗೆ ಜಾರಿ ಪ್ಲೇಟ್ ಮುಂದೆ ಮಣ್ಣಿಗೆ ಬಿತ್ತು. ಹುಡುಗ ಬೀಸಿದ, ಔಟ್. ಎರಡನೇ ಸರದಿಯಲ್ಲೂ ಅದೇ ಚೆಂಡು, ಅದೇ ಕಥೆ. ಪಕ್ಕದ ಸೀಟಿನವರು ಪಾಪ್‌ಕಾರ್ನ್ ತರಲು ಎದ್ದು ಹೋದರು. ಮೂರನೇ ಸರದಿಯಲ್ಲಿ ಅದೇ ಸ್ಲೈಡರ್ ಬಂದಾಗ ಹುಡುಗನ ಭುಜ ಮುಂದೆ ಬಂತು, ಸೊಂಟ ತಿರುಗಲು ಶುರುವಾಯಿತು, ಮಣಿಕಟ್ಟು ಮಾತ್ರ ಅಲ್ಲೇ ನಿಂತಿತು. ಅದು ‘ಬಾಲ್’, ಅಂದರೆ ಸ್ಟ್ರೈಕ್ ಅಲ್ಲ. ಮುಂದಿನದ್ದನ್ನೂ ಬಿಟ್ಟ. ಆರನೇ ಚೆಂಡು ಫಾಸ್ಟ್‌ಬಾಲ್. ಸೆಂಟರ್ ಫೀಲ್ಡರ್ ಕೈಗೆ ನೇರವಾಗಿ ಹೊಡೆದು ಔಟಾದ. ಮಾರನೇ ದಿನ ಸ್ಕೋರ್‌ಪಟ್ಟಿಯಲ್ಲಿ ನಾಲ್ಕಕ್ಕೆ ಸೊನ್ನೆ. ನನ್ನ ಪುಸ್ತಕದಲ್ಲಿ ಮಾತ್ರ ಆ ಬಿಟ್ಟ ಚೆಂಡಿಗೆ ಎರಡು ಗೆರೆ. ಒಂದೇ ರಾತ್ರಿಯಲ್ಲಿ ತಪ್ಪು ತಿದ್ದಿಕೊಳ್ಳುವವನು ಮೇಲಕ್ಕೆ ಹೋಗುತ್ತಾನೆ ಅನ್ನುವುದು ನನ್ನ ಅನುಭವ. ಖಾತ್ರಿ ಅಲ್ಲ, ಅನುಭವ.

ಖಾತ್ರಿ ಯಾಕಲ್ಲ ಅಂದರೆ ಜ್ಯಾಕ್ಸನ್ ಹಾಲಿಡೇ ಅವರನ್ನೇ ನೋಡಿ. 2022ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ವಾರ್ಷಿಕ ಆಯ್ಕೆ) ಮೊದಲ ಆಯ್ಕೆ. ಹತ್ತೊಂಬತ್ತನೇ ವಯಸ್ಸಿನಲ್ಲಿ ಒಂದೇ ವರ್ಷ ನಾಲ್ಕೂ ಮೆಟ್ಟಿಲು ಹತ್ತಿದರು. 2024ರ ಆರಂಭದ ಪ್ರಮುಖ ಪಟ್ಟಿಗಳಲ್ಲಿ ಮೊದಲ ಸ್ಥಾನ. ಏಪ್ರಿಲ್‌ನಲ್ಲಿ ಬಾಲ್ಟಿಮೋರ್‌ನ ಮೇಜರ್ ಲೀಗ್ ತಂಡಕ್ಕೆ ಬಂದರು. ಹತ್ತು ಪಂದ್ಯ, 34 ಅವಕಾಶದಲ್ಲಿ 2 ಹಿಟ್, 18 ಸ್ಟ್ರೈಕ್‌ಔಟ್. ವಾಪಸ್ ಟ್ರಿಪಲ್ ಎಗೆ ಕಳಿಸಿದರು. ಜುಲೈ ಕೊನೆಯಲ್ಲಿ ಮತ್ತೆ ಕರೆಸಿಕೊಂಡ ದಿನವೇ ಗ್ರ್ಯಾಂಡ್ ಸ್ಲ್ಯಾಮ್ (ಒಂದೇ ಹೊಡೆತಕ್ಕೆ ನಾಲ್ಕು ರನ್) ಹೊಡೆದರು. ಏಪ್ರಿಲ್‌ನಲ್ಲಿ ‘ಪಟ್ಟಿ ಸುಳ್ಳು’ ಅಂದವರೂ ಜುಲೈನಲ್ಲಿ ‘ನಾನು ಆಗಲೇ ಹೇಳಿದ್ದೆ’ ಅಂದವರೂ ಹೆಚ್ಚುಕಮ್ಮಿ ಒಂದೇ ಜನ.

ಅಂಕಿಅಂಶ ನೋಡುವಾಗ ವಯಸ್ಸು ನೋಡದೆ ಮುಂದೆ ಹೋಗಬೇಡಿ. ಇದನ್ನು ಮಗನಿಗೂ ಹೇಳಿ. ಡಬಲ್ ಎನಲ್ಲಿ .310 ಸರಾಸರಿಯಲ್ಲಿ (ಸಾವಿರ ಅವಕಾಶಕ್ಕೆ 310 ಹಿಟ್‌ನಂತೆ) ಹೊಡೆದ ಇಪ್ಪತ್ತೈದರವನಿಗಿಂತ .255 ಹೊಡೆದ ಹತ್ತೊಂಬತ್ತರವನು ನನ್ನ ಪಟ್ಟಿಯಲ್ಲಿ ಮೇಲೆ. ಹದಿನೇಳರ ಹುಡುಗ ರಣಜಿಯಲ್ಲಿ 45 ಹೊಡೆದರೆ ನಾವು ಕಾಲೇಜು ಪಂದ್ಯದ ಶತಕಕ್ಕಿಂತ ಅದನ್ನೇ ದೊಡ್ಡದು ಅನ್ನುತ್ತೇವೆ, ಅಲ್ವಾ? ಮೈದಾನವನ್ನೂ ನೋಡಿ. ಚಿನ್ನಸ್ವಾಮಿಯಲ್ಲಿ ಬಿದ್ದ ಸಿಕ್ಸರ್‌ಗಳನ್ನು ನಾವು ಸ್ವಲ್ಪ ವಟ್ಟ ಹಿಡಿದೇ ಲೆಕ್ಕ ಹಾಕುತ್ತೇವೆ. ಕೊಲರಾಡೊ ರಾಕೀಸ್‌ನ ಟ್ರಿಪಲ್ ಎ ತಂಡ ಇರುವ ಆಲ್ಬುಕರ್ಕಿ ಸಮುದ್ರ ಮಟ್ಟದಿಂದ ಐದು ಸಾವಿರ ಅಡಿ ಮೇಲೆ. ತೆಳು ಗಾಳಿ, ಚೆಂಡು ಹಾರುತ್ತದೆ. ಅಲ್ಲಿನ 25 ಹೋಮ್ ರನ್ ಅನ್ನು ಹಾಗೇ ನುಂಗಬೇಡಿ. ಪಿಚರ್ ಅಲ್ಲಿ ಪೆಟ್ಟು ತಿಂದರೆ ಸ್ವಲ್ಪ ಕರುಣೆ ಇರಲಿ.

ಇನ್ನೊಂದು, ಎಲ್ಲಿ ನಿಂತು ಆಡುತ್ತಾನೆ ಅನ್ನುವುದು. ಶಾರ್ಟ್‌ಸ್ಟಾಪ್, ಕ್ಯಾಚರ್, ಸೆಂಟರ್ ಫೀಲ್ಡ್ ಜಾಗಗಳಲ್ಲಿ ಆಡಬಲ್ಲವರು ಕಡಿಮೆ. ಅಲ್ಲಿ ಸಾಧಾರಣ ಬ್ಯಾಟ್ ಇದ್ದರೂ ಬೆಲೆ ಇದೆ. ಅದೇ ಬ್ಯಾಟ್ ಹಿಡಿದು ಫಸ್ಟ್ ಬೇಸ್‌ಗೆ ಬಂದರೆ ಯಾರೂ ತಿರುಗಿ ನೋಡುವುದಿಲ್ಲ. ನಮ್ಮಲ್ಲಿ ವಿಕೆಟ್‌ಕೀಪರ್ 35ರ ಸರಾಸರಿಗೆ ತಂಡದಲ್ಲಿರುತ್ತಾನೆ, ಅದೇ ಸರಾಸರಿಯ ಮೂರನೇ ಕ್ರಮಾಂಕದವನು ಹೊರಗಿರುತ್ತಾನೆ. ಹದಿನೇಳರ ಶಾರ್ಟ್‌ಸ್ಟಾಪ್ ಇಪ್ಪತ್ತೆರಡಕ್ಕೆ ದಪ್ಪಗಾಗಿ ಥರ್ಡ್ ಬೇಸ್‌ಗೆ ಸರಿಯುವುದು ಮಾಮೂಲು. ಅದಕ್ಕೇ ಸ್ಕೌಟ್‌ಗಳು ಹುಡುಗನ ಜೊತೆ ಅವನ ಅಪ್ಪನ ಮೈಕಟ್ಟನ್ನೂ ಓರೆಗಣ್ಣಿನಲ್ಲಿ ನೋಡುತ್ತಾರೆ. ಹೆಣ್ಣು ನೋಡಲು ಹೋದವರು ತಾಯಿಯನ್ನು ನೋಡಿದ ಹಾಗೆ.

ಆಂಥನಿ ವೋಲ್ಪಿ ನಿಮ್ಮ ನ್ಯೂಜೆರ್ಸಿಯವರೇ, ಮೋರಿಸ್‌ಟೌನ್‌ನ ಶಾಲೆಯಲ್ಲಿ ಓದಿದವರು. 2019ರಲ್ಲಿ 30ನೇ ಆಯ್ಕೆ. 2022ರಲ್ಲಿ ಸಾಮರ್ಸೆಟ್‌ಗೆ ಆಡುವಾಗ ಎಲ್ಲ ಪಟ್ಟಿಗಳ ಮೇಲ್ಭಾಗದಲ್ಲಿ ಹೆಸರು. ಎಲ್ಲರೂ ಹೊಗಳಿದ್ದು ಬ್ಯಾಟ್ ಅನ್ನು. ಅನುಮಾನ ಇದ್ದದ್ದು ಶಾರ್ಟ್‌ಸ್ಟಾಪ್ ಜಾಗಕ್ಕೆ ಅವರ ತೋಳು ಸಾಲುತ್ತದಾ ಅನ್ನುವುದರಲ್ಲಿ. 2023ರಲ್ಲಿ ಯಾಂಕೀಸ್‌ಗೆ ಬಂದ ಮೊದಲ ವರ್ಷ ಬ್ಯಾಟ್‌ನಲ್ಲಿ .209. ಫೀಲ್ಡಿಂಗ್‌ಗೆ ಗೋಲ್ಡ್ ಗ್ಲವ್ ಪ್ರಶಸ್ತಿ! ಹೊಗಳಿದ್ದು ಕೈಕೊಟ್ಟಿತು, ಅನುಮಾನಪಟ್ಟದ್ದು ಕಾಪಾಡಿತು. ಪಟ್ಟಿಯ ಒಟ್ಟು ಅಂಕ ಅಷ್ಟೇನೂ ತಪ್ಪಿರಲಿಲ್ಲ, ಒಳಗಿನ ಲೆಕ್ಕ ಮಾತ್ರ ತಿರುವುಮುರುವು.

ಪಿಚರ್‌ಗಳ ವಿಷಯಕ್ಕೆ ಬಂದರೆ ನಾನು ಅಂಜುಬುರುಕ, ಒಪ್ಪಿಕೊಳ್ಳುತ್ತೇನೆ. ‘ಪಿಚಿಂಗ್ ಪ್ರಾಸ್ಪೆಕ್ಟ್ ಅನ್ನುವ ಪ್ರಾಣಿಯೇ ಇಲ್ಲ’ ಅಂತ ಈ ವಲಯದಲ್ಲಿ ಒಂದು ಹಳೇ ತಮಾಷೆ ಇದೆ. ಕಾರಣ ಮೊಣಕೈ ಮತ್ತು ಭುಜ. ಮೊಣಕೈಯ ಲಿಗಮೆಂಟ್ (ಮೂಳೆಗಳನ್ನು ಹಿಡಿದಿಡುವ ಕಟ್ಟು) ಹರಿದರೆ ಟಾಮಿ ಜಾನ್ ಶಸ್ತ್ರಚಿಕಿತ್ಸೆ. 1974ರಲ್ಲಿ ಡಾ. ಫ್ರಾಂಕ್ ಜೋಬ್ ಮೊದಲ ಸಲ ಮಾಡಿದ್ದು. ಮತ್ತೆ ಪಿಚ್ ಮಾಡಲು ಒಂದರಿಂದ ಒಂದೂವರೆ ವರ್ಷ. ಬೇಸ್‌ಬಾಲ್ ಅಮೆರಿಕ ಪತ್ರಿಕೆ 1990ರಿಂದ ನೂರರ ಪಟ್ಟಿ ಮಾಡುತ್ತಿದೆ. 1992ರಲ್ಲಿ ಅದರ ಮೊದಲ ಹೆಸರು ಬ್ರಯೆನ್ ಟೇಲರ್, ಯಾಂಕೀಸ್ 15.5 ಲಕ್ಷ ಡಾಲರ್ ಕೊಟ್ಟು ತಂದ ಎಡಗೈ ಪಿಚರ್. 1993ರ ಡಿಸೆಂಬರ್‌ನಲ್ಲಿ ಒಂದು ಜಗಳದಲ್ಲಿ ಭುಜ ಹೋಯಿತು. ಮೇಜರ್ ಲೀಗ್‌ನಲ್ಲಿ ಒಂದು ಚೆಂಡನ್ನೂ ಎಸೆಯಲಿಲ್ಲ. ಮರುವರ್ಷ, 1993ರಲ್ಲಿ, ಅದೇ ಪಟ್ಟಿಯ ಮೊದಲ ಹೆಸರು ಚಿಪ್ಪರ್ ಜೋನ್ಸ್. ಅವರು 2018ರಲ್ಲಿ ಹಾಲ್ ಆಫ್ ಫೇಮ್ ಸೇರಿದರು. ಪಟ್ಟಿ ಮಾಡಿದವರು ಅವರೇ, ವಿಧಾನವೂ ಅದೇ.

ನಿಮ್ಮ ಕೊನೆಯ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಕುಮಾರ್ ರಾಕರ್. ಹೆಸರು ನೋಡಿಯೇ ಗೊತ್ತಾಗಬೇಕು. ತಾಯಿಯ ಕಡೆಯವರು ಭಾರತದಿಂದ ವಲಸೆ ಬಂದವರು, ತಂದೆ ಅಮೆರಿಕನ್ ಫುಟ್‌ಬಾಲ್ ಆಟಗಾರ ಟ್ರೇಸಿ ರಾಕರ್. 2019ರಲ್ಲಿ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಪರ ಡ್ಯೂಕ್ ವಿರುದ್ಧ ಒಂದೂ ಹಿಟ್ ಕೊಡದೆ 19 ಸ್ಟ್ರೈಕ್‌ಔಟ್ ಮಾಡಿದ ದಿನವೇ ಅವರ ಸ್ಲೈಡರ್ ಊರೆಲ್ಲ ಮಾತಾಯಿತು. 2021ರಲ್ಲಿ ನ್ಯೂಯಾರ್ಕ್ ಮೆಟ್ಸ್ ತಂಡ 10ನೇ ಆಯ್ಕೆಯಾಗಿ ತೆಗೆದುಕೊಂಡಿತು, ವೈದ್ಯಕೀಯ ಪರೀಕ್ಷೆ ನೋಡಿ ಸಹಿ ಹಾಕದೆ ಬಿಟ್ಟಿತು. ಒಂದು ವರ್ಷ ಕಳೆದು 2022ರಲ್ಲಿ ಟೆಕ್ಸಸ್ ರೇಂಜರ್ಸ್ 3ನೇ ಆಯ್ಕೆಯಾಗಿ ಕರೆದುಕೊಂಡಿತು. 2023ರ ಮೇನಲ್ಲಿ ಟಾಮಿ ಜಾನ್. 2024ರ ಸೆಪ್ಟೆಂಬರ್‌ನಲ್ಲಿ ಮೇಜರ್ ಲೀಗ್. ಈ ಮೂರು ವರ್ಷಗಳಲ್ಲಿ ಅವರನ್ನು ಪಟ್ಟಿಯಲ್ಲಿ ಎಲ್ಲಿ ಕೂರಿಸಬೇಕಿತ್ತು? ಸ್ಲೈಡರ್ ನೋಡಿದರೆ ಮೊದಲ ಇಪ್ಪತ್ತರಲ್ಲಿ, ತೋಳಿನ ಸ್ಕ್ಯಾನ್ ಚಿತ್ರ ನೋಡಿದರೆ ನೂರರ ಹೊರಗೆ. ತಂಡಗಳ ಬಳಿ ಆ ಚಿತ್ರ ಇರುತ್ತದೆ, ಪಟ್ಟಿ ಮಾಡುವ ನಮ್ಮ ಬಳಿ ಇರುವುದಿಲ್ಲ. ಅವರಿಗೂ ಮೊದಲು, 2008ರಲ್ಲಿ, ಟಿವಿ ಸ್ಪರ್ಧೆಯೊಂದರಿಂದ ಬಂದ ರಿಂಕು ಸಿಂಗ್, ದಿನೇಶ್ ಪಟೇಲ್ ಇಬ್ಬರೊಂದಿಗೆ ಪಿಟ್ಸ್‌ಬರ್ಗ್ ಪೈರೇಟ್ಸ್ ಒಪ್ಪಂದ ಮಾಡಿಕೊಂಡಿತ್ತು. ಅವರು ಕೆಳಗಿನ ಮೆಟ್ಟಿಲುಗಳಲ್ಲೇ ಉಳಿದರು, ಇಂಥ ಪಟ್ಟಿಗಳವರೆಗೆ ಬರಲಿಲ್ಲ.

ಈಗ 6 ಮತ್ತು 40ಕ್ಕೆ ಮರಳೋಣ. ಪಟ್ಟಿ ಮಾಡುವವರಲ್ಲಿ ಎರಡು ಜಾತಿ. ಒಬ್ಬರು ಎಫ್‌ಡಿ ಇಡುವವರು, ಇನ್ನೊಬ್ಬರು ಷೇರಿಗೆ ಹಾಕುವವರು. ಕಾಲೇಜು ಮುಗಿಸಿ ಬಂದ, ಎಲ್ಲದರಲ್ಲೂ 50-55 ಇರುವ ಇಪ್ಪತ್ತೆರಡರ ಸೆಕೆಂಡ್ ಬೇಸ್‌ಮನ್ ಎಫ್‌ಡಿ. ಡೊಮಿನಿಕನ್ ರಿಪಬ್ಲಿಕ್‌ನಿಂದ ಬಂದ, 70 ಪವರ್ ಇರುವ, ಆದರೆ ಬೀಸಿದ ಮೂರರಲ್ಲಿ ಒಂದು ಚೆಂಡು ಬ್ಯಾಟ್‌ಗೆ ಸಿಗದ ಹದಿನೆಂಟರ ಹುಡುಗ ಷೇರು. ಮೊದಲನೆಯವರು ಈ ಹುಡುಗನಿಗೆ 40ನೇ ಸ್ಥಾನ ಕೊಡುತ್ತಾರೆ, ಎರಡನೆಯವರು 6ನೇ ಸ್ಥಾನ. ಇಬ್ಬರೂ ಒಂದೇ ಹುಡುಗನನ್ನು ಒಂದೇ ತರ ನೋಡಿರುತ್ತಾರೆ. ಬೇರೆ ಇರುವುದು ಅವರ ಎದೆಗಾರಿಕೆ. ಹಾಗಾಗಿ ಯಾರನ್ನು ನಂಬಬೇಕು ಅನ್ನುವುದಕ್ಕಿಂತ, ಯಾರ ರುಚಿ ಯಾವ ಕಡೆ ಅಂತ ತಿಳಿದುಕೊಳ್ಳಿ. ಒಂದೇ ಲೇಖಕರ ನಾಲ್ಕೈದು ವರ್ಷದ ಪಟ್ಟಿ ಇಟ್ಟುಕೊಂಡು ಓದಿದರೆ ಗೊತ್ತಾಗಿಬಿಡುತ್ತದೆ. ನಾನು ಎಫ್‌ಡಿ ಕಡೆಯವನು. ಅದರಿಂದ ಆದ ನಷ್ಟವೂ ಇದೆ. ಕೆಲವು ವರ್ಷದ ಹಿಂದೆ ‘ಇವನು ಸ್ಲೈಡರ್ ಹೊಡೆಯುವುದನ್ನು ಈ ಜನ್ಮದಲ್ಲಿ ಕಲಿಯುವುದಿಲ್ಲ’ ಅಂತ ಬರೆದು ಒಬ್ಬನನ್ನು ಪಟ್ಟಿಯಿಂದಲೇ ಕಿತ್ತು ಹಾಕಿದ್ದೆ. ಅವನು ಎರಡೇ ವರ್ಷದಲ್ಲಿ ಕಲಿತ. ಆ ಸಾಲನ್ನು ಸ್ನೇಹಿತರು ಈಗಲೂ ನನ್ನ ಹುಟ್ಟುಹಬ್ಬಕ್ಕೆ ಕಳಿಸುತ್ತಾರೆ.

ಡ್ರಾಫ್ಟ್‌ನಲ್ಲಿ ಎಲ್ಲರ ಕಣ್ಣು ತಪ್ಪಿ ಜಾರಿದವರೂ ಇದ್ದಾರೆ. ಆಲ್ಬರ್ಟ್ ಪುಹೋಲ್ಸ್ 1999ರ ಡ್ರಾಫ್ಟ್‌ನಲ್ಲಿ 402ನೆಯವರು. 2001ರಲ್ಲಿ ಬಂದ ಮೊದಲ ವರ್ಷವೇ .329, 37 ಹೋಮ್ ರನ್. ನಾನೂರು ಜನರನ್ನು ಆರಿಸುವಷ್ಟು ಹೊತ್ತು ಮೂವತ್ತು ತಂಡಗಳ ಕಣ್ಣು ತಪ್ಪಿತ್ತು ಅಂದರೆ ಲೆಕ್ಕ ಹಾಕಿ.

ಈ ಪಟ್ಟಿಗಳು ಈಗ ಬರೀ ಹರಟೆಯಲ್ಲ ಅನ್ನುವುದನ್ನೂ ಹೇಳಬೇಕು. ಮೇಜರ್ ಲೀಗ್ ಮತ್ತು ಆಟಗಾರರ ಸಂಘದ ನಡುವಿನ 2022ರ ಒಪ್ಪಂದದಲ್ಲಿ ಒಂದು ನಿಯಮ ಬಂತು. ಮೂರು ಹೆಸರಾಂತ ಪಟ್ಟಿಗಳಲ್ಲಿ ಕನಿಷ್ಠ ಎರಡರಲ್ಲಿ ನೂರರೊಳಗೆ ಇರುವ ಹುಡುಗನನ್ನು ತಂಡ ವರ್ಷದ ಆರಂಭದಿಂದಲೇ ಆಡಿಸಿ, ಅವನು ವರ್ಷದ ಹೊಸ ಆಟಗಾರ ಪ್ರಶಸ್ತಿ ಗೆದ್ದರೆ, ತಂಡಕ್ಕೆ ಡ್ರಾಫ್ಟ್‌ನಲ್ಲಿ ಒಂದು ಹೆಚ್ಚುವರಿ ಆಯ್ಕೆ. ಹೂಲಿಯೋ ರೊಡ್ರಿಗೆಜ್ ಅವರಿಂದ ಸಿಯಾಟಲ್ ಮ್ಯಾರಿನರ್ಸ್‌ಗೆ ಮೊದಲ ಬಾರಿ ಇದು ಸಿಕ್ಕಿತು. ಅಂದರೆ ಯಾರೋ ಪತ್ರಕರ್ತ 100ನೇ ಹೆಸರು ಯಾವುದು, 101ನೆಯದು ಯಾವುದು ಅಂತ ತಲೆ ಕೆರೆದುಕೊಳ್ಳುವುದರ ಮೇಲೆ ತಂಡದ ಆಸ್ತಿ ನಿಂತಿದೆ. ಡಬ್ಬಿ ಕುಲುಕಿದರೂ ಅನ್ಯಾಯ ಆಗದು ಅಂದೆನಲ್ಲ, ಆ ಜಾಗದಲ್ಲಿ! ನನಗೆ ಇದು ಸರಿ ಕಾಣುವುದಿಲ್ಲ.

ಕಾರ್ಡ್ ವಿಷಯ. ಜೇಸನ್ ಡೊಮಿಂಗೆಜ್ ಅವರ ಜೊತೆ 2019ರಲ್ಲಿ ಯಾಂಕೀಸ್ 51 ಲಕ್ಷ ಡಾಲರ್‌ಗೆ ಒಪ್ಪಂದ ಮಾಡಿಕೊಂಡಾಗ ಅವರಿಗೆ ಹದಿನಾರು. ‘ಮಂಗಳ ಗ್ರಹದವನು’ ಅಂತ ಅಡ್ಡಹೆಸರು. 2020ರಲ್ಲಿ ಕೋವಿಡ್‌ನಿಂದ ಮೈನರ್ ಲೀಗ್ ನಡೆಯಲೇ ಇಲ್ಲ. ಒಂದೂ ವೃತ್ತಿಪರ ಪಂದ್ಯ ಆಡದ ಹುಡುಗನ ಕಾರ್ಡ್‌ಗೆ ಜನ ಸಾಲುಗಟ್ಟಿದರು. ಆಮೇಲೆ ಪಟ್ಟಿಗಳಲ್ಲಿ ಅವರ ಹೆಸರು ಏರಿತು, ಇಳಿಯಿತು, ಮತ್ತೆ ಏರಿತು. 2023ರಲ್ಲಿ ಸಾಮರ್ಸೆಟ್ ದಾಟಿ ಸೆಪ್ಟೆಂಬರ್ 1ರಂದು ಮೇಜರ್ ಲೀಗ್‌ಗೆ ಬಂದು ಜಸ್ಟಿನ್ ವರ್ಲ್ಯಾಂಡರ್ ಚೆಂಡಿಗೆ ಹೋಮ್ ರನ್ ಹೊಡೆದರು. ಎಂಟು ಪಂದ್ಯದಲ್ಲಿ ನಾಲ್ಕು ಹೋಮ್ ರನ್, ಆಮೇಲೆ ಮೊಣಕೈ ಶಸ್ತ್ರಚಿಕಿತ್ಸೆ. ಮಗ ಕಾರ್ಡ್ ಕೊಳ್ಳಲಿ, ಬೇಡ ಅನ್ನಬೇಡಿ. ಪಿಚರ್‌ಗಳ ಕಾರ್ಡ್‌ಗೆ ಪಾಕೆಟ್ ಮನಿ ಜಾಸ್ತಿ ಸುರಿಯದ ಹಾಗೆ ಮಾತ್ರ ನೋಡಿಕೊಳ್ಳಿ.

ಮತ್ತೆ ಒಂದು ಭಾನುವಾರ ದೇವಸ್ಥಾನಕ್ಕೆ ಹೋದವರು ಹಾಗೇ ಮೈದಾನಕ್ಕೂ ಹೋಗಿ. ಫಸ್ಟ್ ಬೇಸ್ ಕಡೆ, ನೆಟ್‌ಗೆ ಹತ್ತಿರ ಟಿಕೆಟ್ ತೆಗೆದುಕೊಳ್ಳಿ. ಬಲಗೈ ಬ್ಯಾಟರ್‌ನ ಎದೆ, ಮುಖ, ಮಣಿಕಟ್ಟು ಅಲ್ಲಿಂದಲೇ ಚೆನ್ನಾಗಿ ಕಾಣುವುದು. ಮಗನಿಗೆ ಒಬ್ಬನೇ ಆಟಗಾರನನ್ನು ಆರಿಸಿಕೊಳ್ಳಲು ಹೇಳಿ. ಅವನು ಬೀಸಿದ ಚೆಂಡು, ಬಿಟ್ಟ ಚೆಂಡು ಮಾತ್ರ ಬರೆದುಕೊಳ್ಳಲಿ, ನಾಲ್ಕೂ ಸರದಿ. ಮನೆಗೆ ಬಂದ ಮೇಲೆ ಪಟ್ಟಿ ತೆಗೆದು ಅವನ ಬಗ್ಗೆ ಏನು ಬರೆದಿದ್ದಾರೆ ಅಂತ ಓದಲಿ. ಮೊದಲೇ ಓದಿಕೊಂಡು ಬರುವುದು ಬೇಡ.